ಸೆನೆಟ್ ಚುನಾವಣೆಗೂ ಕೋರ್ಟೇ ಬೇಕೆ?



ಮುಂಬಯಿ ವಿಶ್ವವಿದ್ಯಾಲಯ ಹುಟ್ಟಿದ್ದು 1857ರಲ್ಲಿ. ಅದರ ಲಗಾಮು ಯಾರ ಕೈಯಲ್ಲಿರಬೇಕೆಂಬ ಜಗ್ಗಾಟ ಇನ್ನೂ ಮುಗಿದಿಲ್ಲ. ಕುಲಪತಿ ಆಯ್ಕೆಯಲ್ಲಿ ರಾಜ್ಯ ಸರಕಾರದ ಮಾತೇ ನಡೆಯಬೇಕೆಂದು 2021ರ ಡಿಸೆಂಬರಿನಲ್ಲಿ ಮಸೂದೆ ಬಂತು. ಸರಕಾರ ಬದಲಾದ ಮೇಲೆ 2022ರಲ್ಲಿ ವಾಪಸಾಯಿತು. ಎರಡೂ ಕಡೆಯವರು ವಿಶ್ವವಿದ್ಯಾಲಯದ ಸ್ವಾಯತ್ತತೆಯ ಹೆಸರನ್ನೇ ಹೇಳಿದರು!

ನನ್ನ ತಕರಾರು ಮಾತ್ರ ಇದೇ ವಿಶ್ವವಿದ್ಯಾಲಯದ ಪದವೀಧರರ ಸೆನೆಟ್ ಚುನಾವಣೆಯದು. 2023ರ ಆಗಸ್ಟಿನಲ್ಲಿ ಘೋಷಣೆಯಾದ ಬೆನ್ನಿಗೇ ಅದಕ್ಕೆ ತಡೆ ಬಿತ್ತು. ಹತ್ತು ಸ್ಥಾನಗಳಿಗೆ ಮತದಾನ ನಡೆದದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ವಿಷಯ ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ. ಬಜೆಟ್ಟು, ಶುಲ್ಕ, 2017ರಲ್ಲಾದಂಥ ಫಲಿತಾಂಶ ವಿಳಂಬದ ಅವಾಂತರ ಇವನ್ನೆಲ್ಲ ಪ್ರಶ್ನಿಸಬೇಕಾದ ಸಭೆ ಸೆನೆಟ್. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸುವಂತೆ, ಮುಂದೂಡಿದರೆ ಕಾರಣವನ್ನು ಬರಹದಲ್ಲಿ ಕೊಡುವಂತೆ ಕಾಯಿದೆ ಕಟ್ಟುನಿಟ್ಟಾಗಲಿ.

— ಓರ್ವ ಪದವೀಧರ ಮತದಾರ, ಸಾಂತಾಕ್ರೂಜ್ ಪೂರ್ವ