ಹಳೆಯ ಫೋನಿನ ಆಯುಷ್ಯ

ಇಳಕಲ್ಲಿನ ಕೆಂಪು ಗ್ರಾನೈಟಿಗಾಗಿ ಗುಡ್ಡಗಳನ್ನು ಸೀಳುವುದನ್ನು ಕಂಡವರಿಗೆ, ಫೋನಿನೊಳಗಿನ ತಾಮ್ರ, ಕೋಬಾಲ್ಟ್‌ಗಳೂ ಎಲ್ಲಿಯದೋ ನೆಲವನ್ನು ಅಗೆದೇ ಬಂದವೆಂದು ವಿವರಿಸಬೇಕಾಗಿಲ್ಲ. ಆದರೂ ಬಾಗಲಕೋಟೆ, ಬಾದಾಮಿ, ಹುನಗುಂದಗಳಲ್ಲಿ ‘ನಿಧಾನವಾಯಿತು’ ಎಂಬ ಒಂದೇ ಕಾರಣಕ್ಕೆ ಒಳ್ಳೆಯ ಫೋನುಗಳು ಮೂಲೆ ಸೇರುತ್ತವೆ.

ಬಹಳಷ್ಟು ಸಲ ದೋಷ ಯಂತ್ರದ್ದಲ್ಲ, ತುಂಬಿಹೋದ ಸಂಗ್ರಹದ್ದು. ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಬೇಡದ ಆ್ಯಪ್‌ಗಳನ್ನು ನಿಷ್ಕ್ರಿಯಗೊಳಿಸಬಹುದು. ‘ಬಿಲ್ಡ್ ನಂಬರ್’ ಮೇಲೆ 7 ಬಾರಿ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ. ಅಲ್ಲಿ ಅನಿಮೇಶನ್ ಪ್ರಮಾಣವನ್ನು 0.5ಕ್ಕೆ ಇಳಿಸಿದರೆ ಪರದೆ ಚುರುಕೆನಿಸುತ್ತದೆ. ಇವೆರಡೂ ನಿರಪಾಯಕರ, ಬೇಡವೆಂದಾಗ ಹಿಂದಿನ ಸ್ಥಿತಿಗೆ ಮರಳಬಹುದು. ಅಲ್ಲಿಯ ಉಳಿದ ಗುಂಡಿಗಳನ್ನು ಅರ್ಥವರಿಯದೆ ಮುಟ್ಟಬಾರದು.

ಕಾಲೇಜಿನ ಹುಡುಗರು ಇಲ್ಲಿಗೇ ನಿಲ್ಲುವವರಲ್ಲ. ಫೋನನ್ನು ‘ರೂಟ್’ ಮಾಡಿ, ‘ಬಿಲ್ಡ್.ಪ್ರಾಪ್’ ಎಂಬ ಸಿಸ್ಟಂ ಕಡತವನ್ನೇ ತಿದ್ದಲು ಹೊರಡುತ್ತಾರೆ. ಒಂದು ಸಾಲು ತಪ್ಪಿದರೂ, ಕಡತದ ಅನುಮತಿ ಬದಲಾದರೂ ಫೋನು ಕಂಪನಿಯ ಲಾಂಛನ ತೋರಿಸುತ್ತ ಅಲ್ಲಿಯೇ ನಿಂತುಬಿಡಬಹುದು. ಬೂಟ್‌ಲೋಡರ್ ತೆರೆಯುವಾಗ ಸಾಮಾನ್ಯವಾಗಿ ಒಳಗಿನ ಚಿತ್ರ, ದೂರವಾಣಿ ಸಂಖ್ಯೆಗಳೆಲ್ಲ ಅಳಿಯುತ್ತವೆ. ರೂಟ್ ಆದ ಮೇಲೆ ಹಣಪಾವತಿಯ ಅನೇಕ ಆ್ಯಪ್‌ಗಳು ತೆರೆಯಲೊಪ್ಪುವುದಿಲ್ಲ. ಸೀರೆಯ ಹಣವನ್ನು ಫೋನಿನಲ್ಲೇ ಪಡೆಯುವ ನೇಕಾರರ ಮನೆಗೆ ಇದು ಸಣ್ಣ ನಷ್ಟವಲ್ಲ. ಪ್ರಯೋಗ ಬೇಡವೆಂದಲ್ಲ, ಕುತೂಹಲ ಒಳ್ಳೆಯದೇ. ಆದರೆ ಅದು ಮನೆಯ ಏಕೈಕ ಫೋನಿನ ಮೇಲೆ ನಡೆಯಬಾರದು. ತಿದ್ದುವ ಮುನ್ನ ಮೂಲ ಕಡತದ ಪ್ರತಿ ಕಂಪ್ಯೂಟರಿನಲ್ಲಿರಬೇಕು, ಅದೇ ಮಾದರಿಯ ಮೂಲ ತಂತ್ರಾಂಶವೂ ಕೈಯಲ್ಲಿರಬೇಕು.

ಕೊನೆಗೂ ಕೆಟ್ಟ ಫೋನು ತಿಪ್ಪೆಗೆ ಹೋಗತಕ್ಕದ್ದಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಂತೆ ಅದರ ಮರುಬಳಕೆಯ ಹೊಣೆ ತಯಾರಕರದು. ಹಳ್ಳಿಯವರು ಅದನ್ನು ಅಂಗಡಿಯಲ್ಲಿ ನಿಂತು ಕೇಳಬೇಕು.