ಕೆಂಚ ಯಾಕೆ ಅಟ್ಟ ಹತ್ತುತ್ತಿಲ್ಲ?

"ಕೆಂಚಂಗೂ ನನ್ ಥರಾನೇ ಮಂಡಿ ನೋವು ಕಣೆ. ನನ್ ಮಾತ್ರೇಲಿ ಅರ್ಧ ಪುಡಿ ಮಾಡಿ ಹಾಲಿಗೆ ಹಾಕ್ಲಾ?"

ಅಮ್ಮ ಫೋನ್ ಮಾಡಿದಾಗ ನಾನು ಮೀಟಿಂಗ್ ಮಧ್ಯೆ ಇದ್ದೆ. ಯಾವ ಮಾತ್ರೆ ಅಂತ ಕೇಳಿದೆ. "ಅದೇ, ಜ್ವರಕ್ಕೂ ನೋವಿಗೂ ನುಂಗ್ತೀವಲ್ಲ." ಪ್ಯಾರಾಸಿಟಮಾಲ್! ಬೇಡ, ಏನೂ ಹಾಕ್ಬೇಡ, ಸಂಜೆ ಮಾತಾಡ್ತೀನಿ ಅಂತ ಫೋನ್ ಇಟ್ಟೆ. ನನಗೇನೋ ಗೊತ್ತಿತ್ತು ಅಂತಲ್ಲ, ಬಾಯಿಗೆ ಬಂದ 'ಬೇಡ' ಅದು. ಆಮೇಲೆ ಡಾಕ್ಟರ್ ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯಿತು. ಬೆಕ್ಕಿನ ಲಿವರ್‌ಗೆ ಪ್ಯಾರಾಸಿಟಮಾಲ್ ಅರಗಿಸಿ ಹೊರಹಾಕುವ ಶಕ್ತಿ ತೀರಾ ಕಡಿಮೆ. ರಕ್ತ ಆಮ್ಲಜನಕ ಹೊರಲಾರದೆ ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಊದುತ್ತೆ. ನಾವು ತಲೆನೋವಿಗೆ ನುಂಗುವ ಒಂದು ಮಾತ್ರೆ ಅದರ ಪ್ರಾಣ ತೆಗೆಯಬಹುದು.

ನಮ್ಮೂರು ಪಾವಗಡದ ಹತ್ತಿರದ ತಿರುಮಣಿ. ಈಗ ಊರಿನ ಹೆಸರು ಹೇಳಿದರೆ "ಓ, ಸೋಲಾರ್ ಪಾರ್ಕಾ?" ಅಂತಾರೆ. ಸುಮಾರು 13,000 ಎಕರೆ, ಐದು ಹಳ್ಳಿಗಳ ಜಮೀನು, 2,050 ಮೆಗಾವ್ಯಾಟ್. ನಮ್ಮ ಜಮೀನೂ ಅದರಲ್ಲಿದೆ, ವರ್ಷಕ್ಕಿಷ್ಟು ಅಂತ ಬಾಡಿಗೆ ಬರುತ್ತೆ. ಕೆಂಚ ಮರಿಯಾಗಿ ಬಂದಾಗ ಇನ್ನೂ ಕಡಲೆಕಾಯಿ ಬೆಳೀತಿದ್ವಿ. ಮನೆ ತುಂಬಾ ಮೂಟೆ, ಮೂಟೆ ತುಂಬಾ ಇಲಿ, ಇವನಿಗೆ ರಾತ್ರಿಯಿಡೀ ಡ್ಯೂಟಿ. ಮೂಟೆ ಹೋದವು, ಇಲಿ ಹೋದವು. ಕೆಂಚ ಟಿವಿ ಮುಂದೆ ಕೂತು ಹಾಲನ್ನ ತಿಂದು ಆರೂವರೆ ಕೇಜಿ ಆದ. ಆಪರೇಷನ್ ಆದ ಗಂಡು ಬೆಕ್ಕು, ವಯಸ್ಸು ಹನ್ನೊಂದು, ಮೈಭಾರ. ಬೆಕ್ಕಿಗೆ ಶುಗರ್ ಬರೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲವಂತೆ. ಕೀಲು ಸವೆಯೋಕೂ ಅಷ್ಟೇ.

ಬುಟ್ಟಿಯಲ್ಲಿ ಕೂರಿಸಿಕೊಂಡು ಬೆಂಗಳೂರಿಗೆ ಕರ್ಕೊಂಡು ಬಂದೆ. ಮಧುಗಿರಿ ದಾಟೋವರೆಗೂ ಒಂದೇ ಸಮ ಕೂಗಿದ. ಡಾಕ್ಟರ್ ಸಕ್ಕರೆ ನೋಡಿದರೆ 380. ಆದರೆ ತಕ್ಷಣ ಶುಗರ್ ಅಂತ ಹೇಳಲಿಲ್ಲ. ಬೆಕ್ಕು ಹೆದರಿದರೇ ಸಾಕು ಸಕ್ಕರೆ ಏರುತ್ತಂತೆ, ಬಸ್ಸಿನಲ್ಲಿ ಬಂದವನಿಗೆ ಕೇಳಬೇಕೇ? ಅದಕ್ಕೆ ಫ್ರಕ್ಟೋಸಮೈನ್ ಅನ್ನೋ ಇನ್ನೊಂದು ರಕ್ತಪರೀಕ್ಷೆ. ಹಿಂದಿನ ಒಂದೆರಡು ವಾರದ ಸರಾಸರಿ ಅದರಲ್ಲಿ ಗೊತ್ತಾಗುತ್ತೆ. ಅದೂ ಜಾಸ್ತಿ ಬಂತು. ಎಕ್ಸ್‌ರೇಯಲ್ಲಿ ಮುಂಗಾಲಿನ ಮೊಣಕೈ, ಸೊಂಟ ಎರಡೂ ಕಡೆ ಸವೆತ.

"ಹಿಂದೆ ಯಾವುದಾದ್ರೂ ಇಂಜೆಕ್ಷನ್ ಕೊಡಿಸಿದ್ರಾ?" ಅಂತ ಕೇಳಿದರು. ಚರ್ಮದ ತುರಿಕೆಗೆ ಎರಡು ಸಲ ಕೊಡಿಸಿದ್ವಿ, ಒಂದೇ ದಿನಕ್ಕೆ ತುರಿಕೆ ಮಾಯ. ಸ್ಟಿರಾಯ್ಡ್ ಇರಬಹುದು ಅಂದರು. ಬೆಕ್ಕಿನಲ್ಲಿ ಸ್ಟಿರಾಯ್ಡ್ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಗಾಲು ಹಾಕುತ್ತೆ, ಕೆಲವಕ್ಕೆ ಶುಗರನ್ನೇ ತರುತ್ತೆ. ಸಮಸ್ಯೆ ಏನಂದ್ರೆ, ಕೀಲುನೋವಿಗೂ ಬೇಗ ಆರಾಮ ಕೊಡೋದು ಅದೇ ಸೂಜಿ. ಕಾಲಿಗೆ ಅಂತ ಕೊಡಿಸಿದರೆ ಸಕ್ಕರೆ ಕೈ ತಪ್ಪುತ್ತೆ. ಹಾಗಾಗಿ ಬೆಕ್ಕಿಗೆ ಶುಗರ್ ಇದೆ ಅಂತ ಪ್ರತಿ ಡಾಕ್ಟರಿಗೂ ಮೊದಲೇ ಹೇಳಿಬಿಡಿ. ಅವರು ಕೇಳಲಿ ಅಂತ ಕಾಯಬೇಡಿ.

ಇನ್ನೊಂದು ನಾನು ಪೂರ್ತಿ ತಪ್ಪು ತಿಳಿದಿದ್ದ ವಿಷಯ. ಕೆಂಚ ಕೆಲವು ವಾರಗಳಿಂದ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ, ಮೊಲದ ಥರ ನಡೀತಿದ್ದ. ನಾನು ಫೋನಿನಲ್ಲಿ ವಿಡಿಯೋ ಮಾಡಿಟ್ಟಿದ್ದೆ (ಮಾಡಿಟ್ಟುಕೊಳ್ಳಿ, ಕ್ಲಿನಿಕ್ಕಿನ ಮೇಜಿನ ಮೇಲೆ ಬೆಕ್ಕು ಅಲ್ಲಾಡೋದೇ ಇಲ್ಲ). ಅದನ್ನ ನೋಡಿ ಡಾಕ್ಟರ್, ಇದು ಕೀಲುನೋವಲ್ಲ, ಸಕ್ಕರೆ ಜಾಸ್ತಿಯಾಗಿ ಕಾಲಿನ ನರ ಸೋತಿದೆ ಅಂದರು. ಅಟ್ಟ ಹತ್ತದೇ ಇರೋದು, ಬೆನ್ನು ನೆಕ್ಕಿಕೊಳ್ಳದೆ ಕೂದಲು ಗಂಟು ಕಟ್ಟಿರೋದು, ಉಗುರು ಬೆಳೆದು ಸುತ್ತಿಕೊಂಡಿರೋದು, ಇವು ಕೀಲಿನ ಲೆಕ್ಕ. ಬೆಕ್ಕು ಸಾಮಾನ್ಯವಾಗಿ ಕುಂಟಲ್ಲ, ಮಾಡ್ತಿದ್ದ ಕೆಲಸ ಒಂದೊಂದೇ ಬಿಡುತ್ತೆ. ನಾವು 'ವಯಸ್ಸಾಯ್ತು' ಅಂತೀವಿ. 2002ರಲ್ಲಿ ಅಮೆರಿಕದಲ್ಲಿ ಹನ್ನೆರಡು ದಾಟಿದ 100 ಬೆಕ್ಕುಗಳ ಎಕ್ಸ್‌ರೇ ನೋಡಿದಾಗ 90ರಲ್ಲಿ ಕೀಲು ಸವೆತ ಕಂಡಿತ್ತಂತೆ.

ಮದ್ದಿನ ವಿಚಾರದಲ್ಲಿ ಡಾಕ್ಟರ್ ಅವಸರ ಮಾಡಲಿಲ್ಲ. ಮೆಲಾಕ್ಸಿಕ್ಯಾಮ್ ಕೊಡೋಕೆ ಮುಂಚೆ ಕಿಡ್ನಿ ಪರೀಕ್ಷೆ ಮಾಡಿಸಿದರು. ಶುಗರ್ ಇರೋ ಬೆಕ್ಕು ಮೂತ್ರದಲ್ಲಿ ನೀರು ಕಳೆದುಕೊಳ್ತಾ ಇರುತ್ತೆ, ನೀರು ಕಮ್ಮಿಯಾದ ಮೈಗೆ ಈ ಔಷಧಿ ಬಿದ್ದರೆ ಕಿಡ್ನಿಗೆ ಏಟು. ಹೊಟ್ಟೆಗೆ ತಿನ್ನದ ದಿನ ಕೊಡಲೇಬೇಡಿ, ಮೊದಲು ಫೋನ್ ಮಾಡಿ ಅಂದರು. ಗ್ಯಾಬಪೆಂಟಿನ್ ಇನ್ನೊಂದು ದಾರಿ, ಆದರೆ ಅದು ತೂಕಡಿಸುತ್ತೆ. ತಿಂಗಳಿಗೊಂದು ಸೂಜಿಯ ಫ್ರುನೆವೆಟ್‌ಮ್ಯಾಬ್ ಅಂತ ಹೊಸದೊಂದಿದೆ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿದ್ದು. ನಮ್ಮ ಕೈಗೆ ಬಂದಿದ್ದು ಮೆಲಾಕ್ಸಿಕ್ಯಾಮ್ ಹನಿ ಮಾತ್ರ.

ಊಟ ಬದಲಾಯಿಸೋದೇ ದೊಡ್ಡ ಯುದ್ಧ. "ಹಾಲನ್ನ ತಿಂದೇ ಬೆಳೆದೋನು, ಈಗೇನು?" ಅಂತ ಅಮ್ಮ. ಬೆಕ್ಕು ಮಾಂಸದ ಪ್ರಾಣಿ, ಅನ್ನ ಅದಕ್ಕೆ ಬರೀ ಸಕ್ಕರೆ ಅಂತ ಒಪ್ಪಿಸೋಕೆ ವಾರ ಹಿಡೀತು. ಪಿಷ್ಟ ಕಮ್ಮಿ ಇರೋ ಒದ್ದೆ ಆಹಾರಕ್ಕೆ ಬಂದ್ವಿ. ಹಾಗಂತ ನಿಮ್ಮಷ್ಟಕ್ಕೆ ಇದ್ದಕ್ಕಿದ್ದಂತೆ ಬದಲಾಯಿಸಬೇಡಿ. ಅನ್ನ ನಿಂತ ತಕ್ಷಣ ಬೇಕಾಗುವ ಇನ್ಸುಲಿನ್ನೂ ಇಳಿಯುತ್ತೆ, ಹಳೇ ಡೋಸೇ ಕೊಟ್ಟರೆ ಸಕ್ಕರೆ ಕುಸಿಯುತ್ತೆ.

ಕುಸಿದರೆ ಏನಾಗುತ್ತೆ ಅಂತ ನಾನೇ ನೋಡಿದ್ದೀನಿ, ತಪ್ಪು ನಂದೇ. ಅಮ್ಮನಿಗೂ ಶುಗರ್. ಅವಳ ಇನ್ಸುಲಿನ್ 40 ಯೂನಿಟ್ಟಿನ ಬಾಟಲು, ಕೆಂಪು ಮುಚ್ಚಳದ ಸಿರಿಂಜ್. ಕೆಂಚನದು ಗ್ಲಾರ್ಜಿನ್, 100 ಯೂನಿಟ್ಟಿನದು, ಕಿತ್ತಳೆ ಮುಚ್ಚಳದ ಸಿರಿಂಜ್. ಎರಡೂ ಒಂದೇ ಫ್ರಿಜ್ಜಿನ ಬಾಗಿಲಲ್ಲಿ. ಅಮ್ಮ ಮದುವೆಗೆ ಹೋಗಿದ್ದ ದಿನ ಬೆಳಗ್ಗೆ ನಾನು ಕೆಂಪು ಸಿರಿಂಜ್ ತಗೊಂಡು, ಕೆಂಚನ ಬಾಟಲಿನಿಂದ ಎರಡರ ಗೆರೆವರೆಗೆ ಎಳೆದು ಚುಚ್ಚಿದೆ. ಒಳಗೆ ಹೋಗಿದ್ದು ಎರಡಲ್ಲ, ಐದು ಯೂನಿಟ್.

ಮಧ್ಯಾಹ್ನ ನಡುಮನೆಯಲ್ಲಿ ಕುಡಿದವರ ಥರ ತೂರಾಡ್ತಿದ್ದ. ಕಾಲುನೋವು ಇವತ್ತು ಜಾಸ್ತಿ ಅಂದುಕೊಂಡು ಬೆನ್ನು ಸವರಿ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತೆ. ಹತ್ತು ನಿಮಿಷ. ಆ ಹತ್ತು ನಿಮಿಷ ಈಗಲೂ ಚುಚ್ಚುತ್ತೆ. ತಲೆ ಒಂದು ಕಡೆ ವಾಲಿದಾಗ ಎಚ್ಚರಾಯ್ತು. ಅಮ್ಮನ ಗ್ಲುಕೋಮೀಟರಿನಲ್ಲಿ ಕಿವಿಯಂಚು ಚುಚ್ಚಿ ನೋಡಿದರೆ 41. ಮನುಷ್ಯರ ಮೀಟರ್ ಬೆಕ್ಕಿಗೆ ಸ್ವಲ್ಪ ಕಮ್ಮಿ ತೋರಿಸುತ್ತೆ, ಆದರೂ 41! ಜೇನುತುಪ್ಪ ಒಸಡಿಗೆ ಹಚ್ಚಿದೆ, ಬೆಂಗಳೂರಿನ ಡಾಕ್ಟರಿಗೆ ಫೋನ್ ಮಾಡಿದೆ, ಅವರು ಹೇಳಿದ ಹಾಗೆ ಪಾವಗಡಕ್ಕೆ ಕರ್ಕೊಂಡು ಓಡಿದೆ. ಡ್ರಿಪ್ ಹಾಕಿದರು. ರಾತ್ರಿ ಗಂಟೆಗೊಮ್ಮೆ ಕಿವಿ ಚುಚ್ಚುತ್ತಾ ಕೂತೆ. ಅಮ್ಮ ಮದುವೆ ಸೀರೆಯಲ್ಲೇ ಪಕ್ಕ ಕೂತಿದ್ದಳು, ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಕೆಂಚನ ಬಾಟಲು, ಸಿರಿಂಜ್ ಎಲ್ಲಾ ಬೇರೆ ಟಿಫಿನ್ ಡಬ್ಬಿಗೆ ಹೋದವು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬೆಕ್ಕಿನ ಮುಖ ಬರೆದಿದ್ದೀನಿ.

ಉಳಿದದ್ದೆಲ್ಲಾ ಅಮ್ಮನ ಇಂಜಿನಿಯರಿಂಗ್. ಹಳೇ ಕಡಲೆಕಾಯಿ ಚೀಲಗಳಿಗೆ ಬಟ್ಟೆ ತುರುಕಿ, ಕಿಟಕಿಯವರೆಗೆ ಮೆಟ್ಟಿಲು ಮಾಡಿದಳು. ಮರಳಿನ ಟ್ರೇಯ ಒಂದು ಬದಿ ಕತ್ತರಿಸಿ ತಗ್ಗು ಮಾಡಿದಳು, ಕಾಲೆತ್ತಿ ದಾಟೋ ಕಷ್ಟ ಇಲ್ಲ. ಮಾಗಿ ಚಳಿಗೆ ಬಿಸಿನೀರಿನ ಬ್ಯಾಗಿಗೆ ಟವೆಲ್ ಸುತ್ತಿ ಹಾಸಿಗೆ ಕೆಳಗೆ. ಹಾಲಿನ ಲೆಕ್ಕ ಬರೀತಿದ್ದ ಕ್ಯಾಲೆಂಡರಿನಲ್ಲಿ ಈಗ ಕೆಂಚನ ಲೆಕ್ಕ: ಸೂಜಿ ಬೆಳಗ್ಗೆ ಏಳು, ಸಂಜೆ ಏಳು, ಎಷ್ಟು ಲೋಟ ನೀರು, ಎಷ್ಟನೇ ಚೀಲ ಹತ್ತಿದ. ಬೆಕ್ಕಿಗೆ ಶುಗರ್ರಾ ಅಂತ ನಕ್ಕ ಪಕ್ಕದ ಮನೆಯವರೇ ಈಗ ಏಳು ಗಂಟೆಗೆ "ಸೂಜಿ ಆಯ್ತಾ ಅಕ್ಕಾ?" ಅಂತ ಕೂಗ್ತಾರೆ.

ನಾಲ್ಕು ತಿಂಗಳಾಯಿತು. ತೂಕ ಐದೂಮುಕ್ಕಾಲಿಗೆ ಇಳಿದಿದೆ. ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿದೆ, ಇನ್ಸುಲಿನ್ ಒಂದು ಯೂನಿಟ್ಟಿಗೆ ಬಂದಿದೆ. ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಪೂರ್ತಿ ನಿಲ್ಲುವುದೂ ಉಂಟು, ಆದರೆ ಆಸೆ ಇಟ್ಟುಕೊಂಡು ನೀವೇ ನಿಲ್ಲಿಸಬೇಡಿ ಅಂದಿದ್ದಾರೆ ಡಾಕ್ಟರ್. ಕೀಲು ಮಾತ್ರ ಸವೆದದ್ದು ಸವೆದಿದ್ದೇ. ಅಟ್ಟ ಇನ್ನೂ ಹತ್ತಿಲ್ಲ. ನಿನ್ನೆ ಕ್ಯಾಲೆಂಡರಿನ ಫೋಟೋ ಕಳಿಸಿದ್ದಾಳೆ ಅಮ್ಮ: "ಮೂರನೇ ಚೀಲ. ಎರಡು ಸಲ."