ಮೊದಲು ನಂಬರು, ಆಮೇಲೆ ಫ್ರೇಮು
ಕನ್ನಡಕದಂಗಡಿಗೆ ಹೋದರೆ ನಮ್ಮ ಕೈ ಮೊದಲು ಹೋಗುವುದು ಫ್ರೇಮಿನತ್ತ. ನೋಡಬೇಕಾದದ್ದು ಚೀಟಿಯಲ್ಲಿರುವ ನಂಬರನ್ನು. ಮೈನಸ್ ಲೆನ್ಸ್ ನಡುವೆ ತೆಳು, ಅಂಚಿಗೆ ಹೋದಷ್ಟೂ ದಪ್ಪ. ಅಣ್ಣನ ಮಗಳಿಗೆ ಮೈನಸ್ 6. ಆಸೆಪಟ್ಟು ಅಗಲದ ಫ್ರೇಮು ಕೊಂಡಳು. ಲೆನ್ಸಿನ ಅಂಚು ಫ್ರೇಮು ದಾಟಿ ಇಣುಕುತ್ತಿತ್ತು. ಸಂಜೆಯ ಹೊತ್ತಿಗೆ ಮೂಗಿನ ಎರಡೂ ಬದಿ ಕೆಂಪು ಕುಳಿ. ಪಾಪ, ಆ ಗುರುತನ್ನು ಸವರಿಕೊಂಡೇ ಓದುತ್ತಿದ್ದಳು. ಆಮೇಲೆ ಚಿಕ್ಕ ದುಂಡನೆಯ ಫ್ರೇಮಿಗೆ 1.67 ಇಂಡೆಕ್ಸಿನ ಲೆನ್ಸ್ ಹಾಕಿಸಿದೆವು, ಮಾಮೂಲಿ 1.50ಕ್ಕಿಂತ ದುಬಾರಿ, ಆದರೆ ಎದ್ದು ಕಾಣುವಷ್ಟು ತೆಳು. ಎರಡು ಕಣ್ಣಪಾಪೆಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯದೆ ಆರ್ಡರ್ ಬರೆದುಕೊಳ್ಳುವವರನ್ನು ಅಲ್ಲೇ ತಡೆಯಿರಿ. ಆಡುವ ಮಕ್ಕಳಿಗಂತೂ ನಾನು ಪಾಲಿಕಾರ್ಬೊನೇಟ್ ಬಿಟ್ಟು ಬೇರೆಯದನ್ನು ಕೊಡಿಸಲಾರೆ. ಬೇಗ ಗೀರು ಬೀಳುತ್ತದೆ, ನಿಜ. ಚೆಂಡು ಬಡಿದರೆ ಸುಲಭಕ್ಕೆ ಒಡೆಯುವುದಿಲ್ಲ.